ಅಮ್ಮನಿಗೆ ಬೆಡ್ ಇದೆ, ಮಗುವಿಗಿಲ್ಲ

ಕಳೆದ ತಿಂಗಳು ಒಂದು ಮಧ್ಯಾಹ್ನ, ಎದುರು ಫ್ಲ್ಯಾಟಿನ ಮಗುವಿನ ಬಾಯಿಗೆ ಬೆರಳು ಹಾಕಿ ಮುಚ್ಚಳವೊಂದನ್ನು ಹೊರತೆಗೆದೆ. ಕೆಮ್ಮಿನ ಸಿರಪ್ ಬಾಟಲಿಯ ಮುಚ್ಚಳ.

ಅದರ ಅಮ್ಮ ಪಕ್ಕದಲ್ಲೇ ಇದ್ದಳು. ನೆಲದ ಮೇಲೆ, ಎಷ್ಟು ಅಲುಗಾಡಿಸಿದರೂ ಏಳದಂಥ ನಿದ್ದೆಯಲ್ಲಿ.

ಆಕೆ ವೀಣಾ. ವಿಜಯಪುರದಿಂದ ಮದುವೆಯಾಗಿ ಮುಂಬೈಯ ನಮ್ಮ ಮುಲುಂಡಿಗೆ ಬಂದವಳು. ಗಂಡ ಸಂತೋಷ ಬೆಳಿಗ್ಗೆ ಲೋಕಲ್ ರೈಲು ಹತ್ತಿದರೆ ಮನೆ ಸೇರುವಾಗ ಕತ್ತಲಾಗಿರುತ್ತದೆ. ಮಗು ಈಗಷ್ಟೇ ಅಂಬೆಗಾಲಿಡುತ್ತಿದೆ. ಅದು ಒಂದೇ ಸಮನೆ ಅಳುತ್ತಿತ್ತು, ಬಾಗಿಲು ತೆರೆದೇ ಇತ್ತು, ಹಾಗಾಗಿ ಒಳಗೆ ಹೋದೆ. (ಚಿಲಕ ಹಾಕಿದ್ದರೆ? ಆ ಯೋಚನೆಯೇ ಬೇಡ.)

ಮೇಲಿನ ಮಹಡಿಯ ಗಿರಿಜಕ್ಕನನ್ನು ಕೂಗಿದೆ. ಉಡುಪಿ ಕಡೆಯವರು, ರಿಟೈರ್ಡ್ ನರ್ಸ್. ಬಂದವರೇ ವೀಣಾಳನ್ನು ಮಗ್ಗುಲಿಗೆ ಹೊರಳಿಸಿ, "ಉಸಿರು ಭಾರೀ ನಿಧಾನ ಉಂಟು ಮಾರಾಯ್ತಿ, ರಿಕ್ಷಾ ಕರಿ ಬೇಗ" ಎಂದರು.

ವೀಣಾ ಬದುಕಿಕೊಂಡಳು. ಆಸ್ಪತ್ರೆಯಲ್ಲಿ ಎಚ್ಚರವಾದಾಗ ಮೊದಲು ಕೇಳಿದ್ದು ಮಗುವನ್ನು. ಆಮೇಲೆ ಗೋಡೆಯ ಕಡೆ ತಿರುಗಿ ಹೇಳಿದಳು: "ಡೆಲಿವರಿ ಆದ ಮ್ಯಾಲ ನಿದ್ದಿನ ಬರಲಿಲ್ರೀ ಅಕ್ಕಾರ. ಬರೇ ಅಳು. ಕೆಮ್ಮಿಗಂತ ಒಮ್ಮೆ ಆ ಸಿರಪ್ ಕುಡದೆ, ಎದಿ ಹಗುರಾತು. ಆಮ್ಯಾಲ ಬಿಡಾಕ ಆಗಲಿಲ್ಲ."

ಅಷ್ಟು ಹೊತ್ತಿಗೆ ಬಿಲ್ಡಿಂಗಿನ ವಾಟ್ಸಾಪ್ ಗ್ರೂಪಿನಲ್ಲಿ ತೀರ್ಪು ಹೊರಬಿದ್ದಿತ್ತು. ಸೆಕ್ರೆಟರಿ ನನಗೇ ಫೋನ್ ಮಾಡಿದರು: "ಭಾಭೀ, ಪೊಲೀಸ್ ಕೋ ಬತಾ ದೋ." ಪೊಲೀಸರಿಗೆ ತಿಳಿಸಿ ಮಗುವನ್ನು ಆಕೆಯಿಂದ ಬೇರೆ ಮಾಡಿಸಬೇಕಂತೆ. ಅವರ ಭಯ ಸುಳ್ಳಲ್ಲ. ಆ ಮುಚ್ಚಳ ನೋಡಿದವಳು ನಾನು. ಆದರೆ ವೀಣಾ ಹೀಗೆ ಬಾಡುತ್ತಿದ್ದಾಗ ಗ್ರೂಪಿನಲ್ಲಿ ಒಂದಾದರೂ ಮೆಸೇಜ್ ಬಂದಿತ್ತೆ?

ಡಿಸ್ಚಾರ್ಜ್ ಆದ ಮೇಲೆ ನಾನು, ಗಿರಿಜಕ್ಕ, ರಜೆ ಹಾಕಿದ ಸಂತೋಷ, ಎಲ್ಲರೂ ಆಕೆಯನ್ನೂ ಮಗುವನ್ನೂ ಕರೆದುಕೊಂಡು ಚಿಕಿತ್ಸೆ ಹುಡುಕಿ ಹೊರಟೆವು. ಮೊದಲ ಚಟಮುಕ್ತಿ ಕೇಂದ್ರದಲ್ಲಿ ಹೆಂಗಸರನ್ನೇ ಸೇರಿಸಿಕೊಳ್ಳುವುದಿಲ್ಲ. ಎರಡನೆಯದರಲ್ಲಿ ಬೆಡ್ ಇತ್ತು. ವಾರ್ಡನ್ ಮಗುವನ್ನು ನೋಡಿದರು. "ಇದನ್ನ ಯಾರ ಹತ್ರ ಬಿಡ್ತೀರಿ?"

ವೀಣಾ ಮಗುವನ್ನು ಎತ್ತಿಕೊಂಡಳು. ಎದ್ದು ಹೋಗಿ ರಿಕ್ಷಾದಲ್ಲಿ ಕುಳಿತಳು.

ಅಲ್ಲ, ಕೂಸು ಹೆತ್ತವಳಿಗೆ ಕೂಸು ಇರುತ್ತದೆ ಎಂಬುದು ಯಾರಿಗೂ ಹೊಳೆಯಲಿಲ್ಲವೆ? ಚಿಕಿತ್ಸೆ ಬೇಕಾದರೆ ಮಗುವನ್ನು ಬಿಡು, ಮಗು ಬೇಕಾದರೆ ಚಿಕಿತ್ಸೆ ಬಿಡು. ಇಂಥ ಆಯ್ಕೆ ಕೊಟ್ಟರೆ ಯಾವ ತಾಯಿ ಬಾಯಿ ಬಿಟ್ಟು ಹೇಳಿಕೊಳ್ಳುತ್ತಾಳೆ?

ಕೊನೆಗೆ ಗಿರಿಜಕ್ಕ ತಮ್ಮ ಹಳೆಯ ಪರಿಚಯದವರನ್ನೆಲ್ಲ ಕೇಳಿ ಒಂದು ಸರ್ಕಾರಿ ಆಸ್ಪತ್ರೆ ಹುಡುಕಿದರು. ಅಲ್ಲಿನ ಡಾಕ್ಟರಮ್ಮ ಹೇಳಿದ್ದು ಇಷ್ಟೆ: "ಇಬ್ಬರನ್ನೂ ಕರ್ಕೊಂಡು ಬನ್ನಿ." ಅಮ್ಮನಿಗೆ ಔಷಧಿ, ಮಾತುಕತೆ. ಮಗುವಿನ ತೂಕ, ನೋಟ, ಆಟ, ಎಲ್ಲದರ ತಪಾಸಣೆ. "ಬೇಗ ಬಂದಿದ್ದೀರಿ. ಇಬ್ಬರೂ ಸುಧಾರಿಸ್ತಾರೆ" ಎಂದರು. ಬೇಗ! ನಮ್ಮ ಜೀವ ಬಾಯಿಗೆ ಬಂದ ಮೇಲೂ ಅದು ಬೇಗವಂತೆ.

ಈಗ ತಾಯಿ ಮಗು ಇಬ್ಬರೂ ವಾರಕ್ಕೊಮ್ಮೆ ಲೋಕಲ್ಲಿನಲ್ಲಿ ಹೋಗಿ ಬರುತ್ತಾರೆ. ನಡುವೆ ಒಮ್ಮೆ ವೀಣಾ ಜಾರಿದಳು. ಆದರೆ ತಾನೇ ಗಿರಿಜಕ್ಕನ ಮನೆಗೆ ಹೋಗಿ, ಮಗುವನ್ನು ಅವರ ತೊಡೆಯ ಮೇಲಿಟ್ಟು, ಮತ್ತೆ ಸಿರಪ್ ಕುಡಿದೆ ಎಂದು ಹೇಳಿದಳು. ಗಿರಿಜಕ್ಕ ಬೈಯಲಿಲ್ಲ. ಚಹಾ ಮಾಡಿಕೊಟ್ಟು, ಮರುದಿನ ಡಾಕ್ಟರ ಹತ್ತಿರ ಕರೆದೊಯ್ದರು.

ಎಲ್ಲ ಸರಿಹೋಯಿತು ಎಂದು ಮುಗಿಸುವ ಆಸೆ ನನಗೂ ಇತ್ತು. ಆದರೆ ನಿನ್ನೆ ಊರಿಂದ ವೀಣಾಳ ಅತ್ತೆಯ ಫೋನ್ ಬಂತು. "ಕೂಸಿನ್ನ ನಮ್ಮ ಕಡೆ ಕಳಸ್ರಿ. ಆಕಿ ಆರಾಮಾದ ಮ್ಯಾಲ ನೋಡೂಣು." ಸಂತೋಷ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತಾಡುತ್ತಿದ್ದಾನೆ. ಬೇಡ ಎಂದು ಇನ್ನೂ ಗಟ್ಟಿಯಾಗಿ ಹೇಳಿಲ್ಲ.

ಇವತ್ತು ಬೆಳಿಗ್ಗೆ ವೀಣಾ ನಮ್ಮ ಮನೆಗೆ ಬಂದು ಕೇಳಿದಳು: "ಕೂಸಿನ್ನ ಒಯ್ದ್ರ, ನಾ ಯಾರ ಸಲುವಾಗಿ ಆರಾಮಾಗ್ಲಿ, ಅಕ್ಕಾರ?"