ಆರ್ಲನ್ ಉಜ್ಜಿದ ಏಳು ತೋಟಾ

ಬೆಳಗಿನ ಐದೂಕಾಲು. ಆಸ್ಮರ್ ಊರಿನ ಉತ್ತರದ ಬೀದಿಯಲ್ಲಿ ಒಂದೇ ಒಂದು ಗ್ಯಾರೇಜಿನ ಬಾಗಿಲು ತೆರೆದಿದೆ. ಒಳಗೆ ಎಪ್ಪತ್ತೆಂಟರ ಆರ್ಲನ್ ವೊಂದ್ರಾ ಮಾಸ್ಕ್ ಹಾಕಿಕೊಂಡು, ಮೆಕ್ಕೆಜೋಳದ ಬೆಂಡಿನ ನುಚ್ಚನ್ನು ಟಂಬ್ಲರ್ ಎಂಬ ಹಿತ್ತಾಳೆ ಉಜ್ಜುವ ಯಂತ್ರದ ಬೋಗುಣಿಗೆ ಸುರಿಯುತ್ತಿದ್ದಾರೆ. ಚೀಲ ಹೊಸದು. ಹಳೆಯ ನುಚ್ಚಿನಲ್ಲಿ ಇನ್ನೂ ಮೂರು ನಾಲ್ಕು ಸಲಕ್ಕಾಗುವಷ್ಟು ಕಸುವಿದೆ. ಅದು ಬಾಗಿಲ ಬಳಿ ಡಬ್ಬದಲ್ಲಿ ಕೂತಿದೆ. ಯಾಕೆ ಹೊಸದು ಎಂದು ಕೇಳುತ್ತೇನೆ.

"ಇರ್ಲಿ ಬಿಡಮ್ಮ ಕುಸುಮಾ. ಇನ್ನು ಯಾರಿಗೆ ಅಂತ ಉಳಿಸ್ಲಿ?"

ನುಚ್ಚಿನ ಮೇಲೆ ಒಂದೇ ಒಂದು ಮುಚ್ಚಳ ಥಿನ್ನರ್ ಬೀಳುತ್ತದೆ. ಹೆಂಡತಿ ಕ್ಯಾರಲ್ ಬಟ್ಟೆ ಒಣಗಿಸುವ ಯಂತ್ರಕ್ಕೆ ಹಾಕಿ ತೆಗೆದ ಪರಿಮಳದ ಹಾಳೆಗಳನ್ನು ಆರ್ಲನ್ ಬೆರಳಗಲ ಪಟ್ಟಿಗಳಾಗಿ ಕತ್ತರಿಸಿ, ಮಸಿ ಹೀರಲೆಂದು ಅದರೊಳಗೆ ತುರುಕುತ್ತಾರೆ. ಮುಚ್ಚಳ ಹಾಕಿ ಗುಂಡಿ ಒತ್ತಿದರೆ ಬೋಗುಣಿ ಗಡಗಡ ನಡುಗತೊಡಗುತ್ತದೆ. ಮೊದಲ ಇಪ್ಪತ್ತು ನಿಮಿಷ ಬರೀ ನುಚ್ಚು ಓಡಬೇಕು. ಇಲ್ಲದಿದ್ದರೆ ಹಸಿ ಒಂದೇ ಕಡೆ ನಿಂತು ನುಚ್ಚು ಗಂಟು ಕಟ್ಟುತ್ತದೆ, ಗಂಟು ಹೋಗಿ ತೋಟಾದೊಳಗೆ ಸಿಕ್ಕಿಕೊಳ್ಳುತ್ತದೆ. ಆಮೇಲಷ್ಟೇ ಹಿತ್ತಾಳೆ. ಮೇಜಿನ ಮೇಲೆ ಏಳು ಖಾಲಿ ತೋಟಾಗಳು ಕಾದಿವೆ.

ಈ ಏಳನ್ನು ಯಾರ ಸಾವಿಗಾಗಿ ಹಾರಿಸಿದರೋ, ಆ ಮನುಷ್ಯ ಇನ್ನೂ ಬದುಕಿದ್ದಾರೆ. ಊರಿಂದ ಆರು ಮೈಲಿ ಆಚೆಯ ಹೊಲದ ಮನೆಯಲ್ಲಿ, ಮೂಗಿಗೆ ಆಮ್ಲಜನಕದ ನಳಿಕೆ ಸಿಕ್ಕಿಸಿಕೊಂಡು ಮಲಗಿದ್ದಾರೆ. ಹೆಸರು ಲೈಲ್ ಕುಚೆರಾ, ಆರ್ಲನ್‌ಗೆ ಐವತ್ತು ವರ್ಷದ ಗೆಳೆಯ.

ನಮ್ಮೂರಿನಲ್ಲಿ ಮಾಜಿ ಸೈನಿಕರೊಬ್ಬರು ತೀರಿಕೊಂಡರೆ ಅವರ ಸಂಘದ ಬಂದೂಕು ತಂಡ ಸಮಾಧಿಯ ಬಳಿ ಸಾಲಾಗಿ ನಿಂತು ಮೂರು ಸುತ್ತು ಹಾರಿಸುತ್ತದೆ. ತೋಟಾದಲ್ಲಿ ಮದ್ದಷ್ಟೇ ಇರುತ್ತದೆ, ಗುಂಡು ಇರುವುದಿಲ್ಲ. ಆಮೇಲೆ ಎಲ್ಲರೂ ಚರ್ಚಿನ ನೆಲಮಾಳಿಗೆಗೆ ಊಟಕ್ಕೆ ಹೋಗುತ್ತಾರೆ, ಆರ್ಲನ್ ಮಾತ್ರ ಹುಲ್ಲಿನಲ್ಲಿ ಬಿದ್ದ ಖಾಲಿ ತೋಟಾ ಆರಿಸಿಕೊಂಡು ಗ್ಯಾರೇಜಿಗೆ ಬರುತ್ತಾರೆ. ಊಟ ಮುಗಿಯುವ ಹೊತ್ತಿಗೆ ಹೊಳೆಯುವ ಮೂರು ತೋಟಾಗಳು ಹೆಂಡತಿಯ ಕೈಗೋ ಮಗಳ ಕೈಗೋ ಬರುತ್ತವೆ. ಇಪ್ಪತ್ತೆರಡು ವರ್ಷದಿಂದ ಇಲ್ಲಿ ಔಷಧಿ ಅಂಗಡಿ ನೋಡಿಕೊಂಡಿರುವ ನಾನು ಅಂಥ ಊಟಗಳಲ್ಲಿ ಹಂದಿಮಾಂಸ ಬಿಟ್ಟು ಬರೀ ಆಲೂಗಡ್ಡೆ ತಿಂದು ಎದ್ದಿದ್ದೇನೆ. ಆ ಹಿತ್ತಾಳೆಯನ್ನು ಯಾರು ಉಜ್ಜುತ್ತಾರೆ ಎಂದು ಒಂದು ದಿನವೂ ಕೇಳಿರಲಿಲ್ಲ. ನಾಚಿಕೆಯಾಗುತ್ತದೆ, ಅದಕ್ಕೇ ಈಗ ಬರೆಯಲು ಬಂದಿದ್ದೇನೆ.

ಹತ್ತೊಂಬತ್ತು ವರ್ಷ, ನಾನೂರ ಮೂವತ್ತೊಂದು ಶವಸಂಸ್ಕಾರ. ಆರ್ಲನ್ ಸೈನ್ಯದಲ್ಲಿದ್ದಾಗ ಲಾರಿ ರಿಪೇರಿ ಮಾಡುತ್ತಿದ್ದರು, ಯಾರ ಮೇಲೂ ಗುಂಡು ಹಾರಿಸಿದವರಲ್ಲ. ಆಮೇಲೆ ಮೂವತ್ತೆಂಟು ವರ್ಷ ಊರಿನ ಧಾನ್ಯದ ಗೋದಾಮಿನಲ್ಲಿ ಕೆಲಸ. ಅಲ್ಲಿ ಧೂಳು ಗುಡಿಸದೆ ಬಿಟ್ಟರೆ ಗೋದಾಮೇ ಸಿಡಿಯುತ್ತದೆ ಎಂದು ಮೊದಲ ದಿನವೇ ಹೇಳಿಕೊಟ್ಟಿದ್ದರಂತೆ. ಟಂಬ್ಲರ್ ಕೊಟ್ಟವರು ಲೈಲ್. ಅವರು ಜಿಂಕೆ ಬೇಟೆಗೆ ತಮ್ಮ ತೋಟಾಗಳನ್ನು ತಾವೇ ಮತ್ತೆ ಮತ್ತೆ ತುಂಬಿಕೊಳ್ಳುತ್ತಿದ್ದ ಮನುಷ್ಯ.

"ಯಂತ್ರ ಕೊಟ್ಟ, ಸರಿ. ಅದರ ಜೊತೆ ಅವನ ನುಚ್ಚೂ ಕೊಟ್ಟ," ಎಂದು ಆರ್ಲನ್ ನಗುತ್ತಾರೆ. "ಕಲ್ಲಿದ್ದಲು ಇದ್ದಂಗಿತ್ತು. ಎಷ್ಟು ದಿನದ್ದೋ ಮಾರಾಯ ಅಂದ್ರೆ, ನಿನ್ನ ಮದುವೆಗಿಂತ ಮುಂಚೆದು ಅಂದ."

ಅದೇ ಕಪ್ಪು ನುಚ್ಚು ಅವರಿಗೆ ಒಮ್ಮೆ ಚೆನ್ನಾಗಿ ಪಾಠ ಕಲಿಸಿದೆ. ಹದಿನೇಳು ವರ್ಷದ ಹಿಂದೆ, ಅಂಚೆ ಹಂಚುತ್ತಿದ್ದ ಬ್ಲಾಹಾ ತೀರಿಕೊಂಡಾಗ, ಇನ್ನೊಂದು ಸಲಕ್ಕೆ ನಡೆಯುತ್ತದೆ ಎಂದುಕೊಂಡು ಆರ್ಲನ್ ನುಚ್ಚು ಬದಲಾಯಿಸಲಿಲ್ಲ. ತೋಟಾ ಹೊಳೆಯುತ್ತಲೇ ಇತ್ತು. ಬ್ಲಾಹಾರ ಹೆಂಡತಿ ಆರ್ಡಿಸ್ ಅದನ್ನು ಅಂಗೈಯಲ್ಲಿ ಬಿಗಿಯಾಗಿ ಹಿಡಿದು, ಅದೇ ಕೈಯಿಂದ ಕಣ್ಣೊರೆಸಿಕೊಳ್ಳುತ್ತ, ಬಾಗಿಲಲ್ಲಿ ನಿಂತು ಬಂದವರನ್ನೆಲ್ಲ ಬೀಳ್ಕೊಟ್ಟರು. ಕೆನ್ನೆಯ ಮೇಲೆ ಕಿವಿಯವರೆಗೆ ಕಪ್ಪು ಮಸಿ. ಎಂಬತ್ತು ಜನ ಅವರ ಕೈ ಕುಲುಕಿದರು, ಒಬ್ಬರೂ ಹೇಳಲಿಲ್ಲ.

"ನಾನೂ ಹೇಳ್ಲಿಲ್ಲ. ಹೆಂಗೆ ಹೇಳ್ಲಿ, ಮಸಿ ನಂದೇ ಅಲ್ವಾ," ಎನ್ನುತ್ತಾರೆ ಆರ್ಲನ್. ಹೇಳುವಾಗ ನನ್ನ ಮುಖ ನೋಡುವುದಿಲ್ಲ.

ಅಂದಿನಿಂದ ನಿಯಮ ಬಿಗಿಯಾಗಿದೆ. ಒಂದು ಸಾವಿನ ತೋಟಾ ಇನ್ನೊಂದರ ಜೊತೆ ಯಂತ್ರಕ್ಕೆ ಹೋಗುವಂತಿಲ್ಲ. ಮುಗಿದ ಮೇಲೆ ನುಚ್ಚನ್ನು ಅಂಗಳಕ್ಕೆ ಒಯ್ದು, ಗಾಳಿಗೆ ಬೆನ್ನು ಕೊಟ್ಟು ಜರಡಿ ಹಿಡಿಯಬೇಕು. ಕಪ್ಪಾದ ಪಟ್ಟಿಗಳನ್ನು ಎಸೆದು ಹೊಸದು ಹಾಕಬೇಕು. ಗುಂಡಿಲ್ಲದ ತೋಟಾದ ಬಾಯಿ ಸುಟ್ಟ ಮೇಲೆ ಹರಿದ ಎಸಳಿನಂತಾಗಿ ನುಚ್ಚು ಹಿಡಿದುಕೊಳ್ಳುತ್ತದೆ. ಅದನ್ನು ಹೆಣಿಗೆ ಕಡ್ಡಿಯಿಂದ ಕೆದಕಿ ತೆಗೆಯಬೇಕು. ಕೊನೆಗೆ ಎಣಿಸಬೇಕು.

"ಒಂದು ತೋಟಾ ನುಚ್ಚಲ್ಲಿ ಅಡಗಿ ಕೂತ್ರೆ ಮುಂದಿನ ಮನೆಗೆ ಹೋಗ್ಬಿಡುತ್ತೆ. ಬೇರೆ ಯಾರಿಗೋ ಹೊಡೆದದ್ದನ್ನ ಆ ಹೆಂಗಸು ದಿಂಬಿನ ಕೆಳಗೆ ಇಟ್ಕೊಂಡು ಮಲಗ್ಬೇಕಾ?"

ಆ ಕಪ್ಪು ಪುಡಿಯಲ್ಲಿ ಸೀಸವಿದೆ. ಆರ್ಲನ್ ರಕ್ತದಲ್ಲೂ ಇದೆ. ಬಿಟ್ಟುಬಿಡಿ ಎಂದು ಡಾಕ್ಟರು ಹೇಳಿ ಮೂರು ವರ್ಷವಾಯಿತು. ಮಾಸ್ಕ್ ಬಂದದ್ದು ಆಮೇಲೆ. ಈಗ ಡಾಕ್ಟರ ಮಾತು ತಾನಾಗಿಯೇ ನಡೆಯುವ ಕಾಲ ಬಂದಿದೆ, ಏಕೆಂದರೆ ತಂಡವೇ ಮುಗಿಯುತ್ತಿದೆ.

ಮೊದಲು ಏಳು ಬಂದೂಕು, ಇಪ್ಪತ್ತೊಂದು ತೋಟಾ. ಆಮೇಲೆ ಐದು ಬಂದೂಕು, ಹದಿನೈದು. ಹೋದ ಚಳಿಗಾಲದಿಂದ ಮೂರೇ ಬಂದೂಕು, ಒಂಬತ್ತು ತೋಟಾ: ಆರ್ಲನ್, ಲೈಲ್, ಮತ್ತು ಸೊಂಟ ನೋವಿನ ಮರ್ವ್ ಷ್ಟ್ರೌಬೆ. ಮೂವರಿಗಿಂತ ಕಡಿಮೆಯಾದರೆ ಹಾರಿಸಬಾರದು, ಬಂದೂಕುಗಳನ್ನು ಸೈನ್ಯಕ್ಕೆ ಹಿಂತಿರುಗಿಸಬೇಕು ಎಂದು ಸಂಘದ ಹಿರಿಯರು ಯಾವ ಕಾಲದಲ್ಲೋ ಬರೆದಿಟ್ಟಿದ್ದಾರೆ. ಅಂದರೆ ಲೈಲ್ ಸತ್ತ ದಿನ ತಂಡದಲ್ಲಿ ಇಬ್ಬರು. ನಾನೂರಕ್ಕೂ ಹೆಚ್ಚು ಜನರ ಸಮಾಧಿಯ ಮುಂದೆ ಬಂದೂಕು ಹಿಡಿದು ನಿಂತವರಿಗೆ ಒಂದು ಸುತ್ತೂ ಇಲ್ಲ.

ಆರ್ಲನ್ ಸುಮ್ಮನೆ ಕೂರಲಿಲ್ಲ. ಪಕ್ಕದೂರಿನ ತಂಡಕ್ಕೆ ಫೋನ್ ಮಾಡಿದರೆ, ನಮ್ಮದು ಮುಚ್ಚಿ ವರ್ಷವಾಯಿತು ಎಂದರು. ಈಚಿನ ಯುದ್ಧದಿಂದ ಬಂದ ಇಬ್ಬರು ಊರಲ್ಲಿದ್ದಾರೆ. ಒಬ್ಬ ಗಾಳಿಯಂತ್ರದ ಕಂಬ ನೆಡುವ ಕೆಲಸಕ್ಕೆ ಊರೂರು ಅಲೆಯುತ್ತಾನೆ. ಇನ್ನೊಬ್ಬ ಬಾಗಿಲಲ್ಲೇ ನಿಂತು, "ಆ ಸದ್ದು ಕೇಳಿದ್ರೆ ನಂಗೆ ಮೂರು ದಿನ ನಿದ್ದೆ ಬರಲ್ಲ ಆರ್ಲನ್, ದಯವಿಟ್ಟು ಕೇಳ್ಬೇಡಿ," ಎಂದನಂತೆ. ಆರ್ಲನ್ ಮತ್ತೆ ಕೇಳಲಿಲ್ಲ.

ದಾರಿ ತೋರಿಸಿದ್ದು ಲೈಲ್. "ಸತ್ತ ಮೇಲೆ ಇಬ್ರೇ ಆಗ್ತೀರ. ಈಗ ಮೂವರಿದ್ದೀವಲ್ಲ. ಈಗಲೇ ಹೊಡೆದುಬಿಡೋಣ, ನಾನೂ ಹೊಡೀತೀನಿ."

"ಬದುಕಿರೋನಿಗೆ ಯಾರಾದ್ರೂ ಹೊಡೀತಾರೇನೋ, ತಲೆಕೆಟ್ಟೋನೇ," ಎಂದು ಆರ್ಲನ್ ಎದ್ದು ಬಂದರು. ನಾಲ್ಕು ದಿನ ಆ ಕಡೆ ಹೋಗಲಿಲ್ಲ. ಐದನೆಯ ದಿನ ಬಂದೂಕುಗಳಿಗೆ ಎಣ್ಣೆ ಹಾಕಿದರು.

ಕಳೆದ ಗುರುವಾರ ಬೆಳಿಗ್ಗೆ ಹತ್ತಕ್ಕೆ ನಾನೂ ಅಲ್ಲಿದ್ದೆ. ಲೈಲ್ ಹೆಂಡತಿ ಐಲೀನ್ ಆಮ್ಲಜನಕದ ಸಿಲಿಂಡರ್ ಬಂದ್ ಮಾಡಿ ಒಳಗೇ ಬಿಟ್ಟು, ಗಂಡನನ್ನು ಅಂಗಳದ ಕುರ್ಚಿಯಲ್ಲಿ ಕೂರಿಸಿದರು. "ಮೂರು ಮುದುಕರು ಸೇರಿದ್ರೆ ಒಬ್ಬನ ಬುದ್ಧಿಯೂ ಇಲ್ಲ," ಎಂದು ಗೊಣಗುತ್ತಲೇ ಅವರ ಟೋಪಿ ಸರಿಮಾಡಿದರು. ಆರ್ಲನ್ ಆಜ್ಞೆ ಕೂಗಿದರು. ಮೊದಲ ಸುತ್ತು ಮೂರೂ ಬಂದೂಕು ಒಟ್ಟಿಗೆ ಸಿಡಿದವು. ಆ ಬಂದೂಕುಗಳಲ್ಲಿ ಖಾಲಿ ತೋಟಾ ಹೊರಬಿದ್ದು ಹೊಸದು ಕೂರಲು ಪ್ರತಿ ಸಲವೂ ಹಿಡಿಯನ್ನು ಕೈಯಿಂದ ಹಿಂದಕ್ಕೆ ಎಳೆಯಬೇಕು. ಲೈಲ್ ಎಳೆದರು. ಹಿಡಿ ಅಲ್ಲಾಡಲಿಲ್ಲ. ಎರಡೂ ಕೈ ಹಾಕಿ ಎಳೆದರು, ತುಟಿ ನೀಲಿಯಾಯಿತು. ಆರ್ಲನ್ ಎಷ್ಟೋ ಹೊತ್ತು ಕಾದರು. ಆಮೇಲೆ, ನೇರ ಮುಂದೆ ನೋಡುತ್ತ, ಎರಡನೆಯ ಸುತ್ತಿಗೆ ಆಜ್ಞೆ ಕೊಟ್ಟರು. ಎರಡು ಸದ್ದು. ಮೂರನೆಯದಕ್ಕೂ ಎರಡೇ.

ನಾನು ಅತ್ತುಬಿಟ್ಟೆ. ಬರೆಯಲು ಹೋದವಳು ಅಳಬಾರದು ಎನ್ನುತ್ತಾರೆ, ಹೇಳುವವರು ಬಂದು ಆ ಅಂಗಳದಲ್ಲಿ ನಿಲ್ಲಲಿ. ಆರ್ಲನ್ ಹಾರಿಸಿದ್ದು ಮೂರು, ಮರ್ವ್ ಹಾರಿಸಿದ್ದು ಮೂರು, ಲೈಲ್ ಬಂದೂಕಿನಿಂದ ಆಮೇಲೆ ಬಿಡಿಸಿ ತೆಗೆದದ್ದು ಒಂದು: ಏಳು ತೋಟಾ.

ಗ್ಯಾರೇಜಿನಲ್ಲಿ ಈಗ ಏಳೂವರೆ. ಆರ್ಲನ್ ಏಳನ್ನೂ ಜರಡಿಯಿಂದ ಎತ್ತಿ, ಕಡ್ಡಿಯಿಂದ ಕೆದಕಿ, ಬಿಳಿ ಕರವಸ್ತ್ರದ ಮೇಲೆ ಉಜ್ಜಿ ನೋಡುತ್ತಾರೆ. ವಸ್ತ್ರ ಬಿಳಿಯಾಗಿಯೇ ಇದೆ. ಕ್ಯಾರಲ್ ಕಾಫಿ ತಂದಿಟ್ಟು ಬಾಗಿಲಿಗೆ ಒರಗುತ್ತಾರೆ. "ಹತ್ತೊಂಬತ್ತು ವರ್ಷದಿಂದ ಊರ ಹೆಂಗಸರ ಕೈಗೆಲ್ಲ ಹಿತ್ತಾಳೆ ಕೊಟ್ಟಿದ್ದಾನೆ. ನನ್ನ ಕೈಗೆ ಏನು ಅಂತ ಕೇಳಿದ್ರೆ ಮಾತು ಬದಲಾಯಿಸ್ತಾನೆ, ಕೇಳಿ ನೋಡು ಕುಸುಮಾ." ನಾನು ಕೇಳುವುದಿಲ್ಲ. ಆರ್ಲನ್ ಕಾಫಿಗೆ ಸಕ್ಕರೆ ಕಡಿಮೆ ಎನ್ನುತ್ತಾರೆ.

ಒಂಬತ್ತಕ್ಕೆ ಲೈಲ್ ಮನೆಯಲ್ಲಿದ್ದೇವೆ. ಆರ್ಲನ್ ಐಲೀನ್ ಮುಂದೆ ನೆಟ್ಟಗೆ ನಿಂತು, ವಾಡಿಕೆಯಂತೆ ಒಂದೂ ಮಾತಾಡದೆ, ಮೂರು ತೋಟಾ ಅವರ ಅಂಗೈಗೆ ಇಡುತ್ತಾರೆ. ಉಳಿದ ನಾಲ್ಕು, ಲೈಲ್ ಹೆಸರು ಬರೆದ ಗಾಜಿನ ಜಾಡಿಯಲ್ಲಿವೆ. ಲೈಲ್ ಜಾಡಿಯನ್ನು ಹಾಸಿಗೆಯ ಮೇಲೆ ಸುರಿದುಕೊಂಡು ಒಂದೊಂದನ್ನೂ ಬೆಳಕಿಗೆ ಹಿಡಿಯುತ್ತಾರೆ.

"ನಾನು ಕೊಟ್ಟ ನುಚ್ಚಲ್ಲಿ ಉಜ್ಜಿದ್ದಲ್ಲ ಇದು," ಎನ್ನುತ್ತಾರೆ. ಉಸಿರು ಸಿಕ್ಕಿಕೊಳ್ಳುತ್ತದೆ. ಆಮೇಲೆ ಮೂರನ್ನು ಬೇರೆ ಮಾಡಿ ಆರ್ಲನ್ ಕಡೆ ತಳ್ಳುತ್ತಾರೆ. "ಇವು ನೀನಿಟ್ಕೋ. ಕ್ಯಾರಲ್‌ಗೆ ಬೇಕಾಗುತ್ತೆ. ನಿಂಗೆ ಹೊಡೆಯೋರು ಯಾರೂ ಇಲ್ಲ ಕಣೋ."

ಆರ್ಲನ್ ಅವುಗಳಲ್ಲಿ ಒಂದನ್ನು ಎತ್ತಿಕೊಂಡು ಅದರ ಬಾಯಿಯೊಳಗೆ ಇಣುಕುತ್ತಾರೆ, ಹೆಬ್ಬೆರಳಿನಿಂದ ಸವರುತ್ತಾರೆ. ಆಮೇಲೆ ಒಂದೊಂದಾಗಿ ಜಾಡಿಯೊಳಗೆ ಹಾಕಿ ಮುಚ್ಚಳ ತಿರುಗಿಸುತ್ತಾರೆ.

"ಇವು ನಿನ್ನವು, ಲೈಲ್. ನಾನು ಕಲಸುಮೇಲೋಗರ ಮಾಡೋನಲ್ಲ."