ಬಳೆ ತೊಟ್ಟ ಮುತ್ತಾತ

ಸರ್ಜಾಪುರದ ಪಕ್ಕ ಕುರುಚಲು ಕಾಡು ಕಡಿದು ಮೊದಲು ರಾಗಿ ಬಿತ್ತಿದವನು ಎಷ್ಟೋ ತಲೆಮಾರಿನ ಹಿಂದಿನ ನಮ್ಮ ಮುತ್ತಾತ ಎಂದು ಮನೆಯವರೆಲ್ಲ ಹೇಳುತ್ತಿದ್ದರು. ಅವನ ಮೀಸೆಗೆ ಎರಡು ಎತ್ತು ಕಟ್ಟಿ ಉಳಬಹುದಿತ್ತು, ಚಿರತೆಗಳು ಅವನನ್ನು ಕಂಡರೆ ನಮಸ್ಕಾರ ಹೊಡೆಯುತ್ತಿದ್ದವು ಎಂದು ಸ್ಕೂಲಿನಲ್ಲಿ ಅದಕ್ಕೆ ಸೇರಿಸಿ ಹೇಳಿದವನು ನಾನು.

ಆ ಹೊಲ ಈಗ ಅಪಾರ್ಟ್‌ಮೆಂಟು. ಅವನ ಸಮಾಧಿಯ ಕಲ್ಲು ಮಾತ್ರ ಮಕ್ಕಳ ಜಾರುಬಂಡಿಯ ಪಕ್ಕ ಉಳಿದಿದೆ. ಪ್ರತಿ ಮಹಾಲಯ ಅಮಾವಾಸ್ಯೆಗೆ ಅದಕ್ಕೆ ಸುಣ್ಣ ಬಳಿದು, ಹೊಸ ಪಂಚೆ ಸುತ್ತಿ, ಬೀಡಿ ಹಚ್ಚಿಟ್ಟು ಬರುವುದು ನಮ್ಮ ಪದ್ಧತಿ.

ಈ ವರ್ಷ ಗೇಟಿನಲ್ಲಿ ಸೆಕ್ಯುರಿಟಿಯವನು ನನ್ನನ್ನೂ ನಮ್ಮಜ್ಜಿಯನ್ನೂ ತಡೆದ. "ಯಾವ್ ಫ್ಲ್ಯಾಟ್ ಅಜ್ಜೀ?"

"ಫ್ಲ್ಯಾಟ್ ಕಟ್ಟೋಕ್ ಮುಂಚೆಯಿಂದ ಇರೋರ್ ಮನೆಗೆ ಕಣಪ್ಪ," ಎಂದು ಅಜ್ಜಿ ನುಗ್ಗಿಯೇಬಿಟ್ಟಳು.

ಒಳಗೆ ನೋಡಿದರೆ, ಅಪಾರ್ಟ್‌ಮೆಂಟಿನವರು ಪೈಪಿನಲ್ಲಿ ಜೋರಾಗಿ ನೀರು ಹೊಡೆಸಿ ಕಲ್ಲು ತೊಳೆಸಿದ್ದರು. ತಲೆಮಾರುಗಳ ಸುಣ್ಣವೆಲ್ಲ ಕಿತ್ತುಹೋಗಿ, ಅಡಿಯಲ್ಲಿದ್ದ ಕೆತ್ತನೆ ಎದ್ದು ಕಾಣುತ್ತಿತ್ತು. ದಪ್ಪ ತುರುಬು, ಮೊಣಕೈವರೆಗೆ ಬಳೆ, ಬಲಗೈಯಲ್ಲಿ ಕುಡುಗೋಲು.

"ಅಜ್ಜೀ, ನಮ್ ಮುತ್ತಾತ ಹೆಂಗ್ಸು!"

ಅಜ್ಜಿ ಹಣೆ ಚಚ್ಚಿಕೊಂಡಳು. "ಅಯ್ಯೋ ಶಿವ್ನೇ! ಇಷ್ಟ್ ವರ್ಷ ಆ ತಾಯಿಗೆ ಪಂಚೆ ಉಡ್ಸಿ ಬೀಡಿ ಸೇದಿಸ್ಬಿಟ್ವಲ್ಲೋ!"

ಬೇರೆ ದಿನವಾಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ. ಆದರೆ ಅಜ್ಜಿ ನನ್ನ ಕೈಯಲ್ಲಿದ್ದ ಪಂಚೆಯನ್ನು ಕಿತ್ತು ಪಕ್ಕಕ್ಕೆಸೆದಳು. ತನ್ನ ತುರುಬಿನ ಹೂ ತೆಗೆದು ಕಲ್ಲಿಗಿಟ್ಟಳು.

"ಕಾಡ್ ಕಡ್ದೋಳು ನೀನಾ ಅವ್ವಾ? ಯಾರೂ ಹೇಳ್ಲೇ ಇಲ್ವಲ್ಲ. ನಿನ್ ಹೆಸ್ರೇನವ್ವಾ?" ಎಂದು ಕೇಳಿ, ಆಮೇಲೆ ನನ್ನ ಮುಖ ನೋಡಿದಳು.

ಮೀಸೆ, ಚಿರತೆ ಎಲ್ಲ ಹುಟ್ಟಿಸಿದ್ದ ನನಗೆ ಒಂದು ಹೆಸರು ಹುಟ್ಟಿಸುವ ಧೈರ್ಯ ಬರಲಿಲ್ಲ.