ಕಾವು ಕಾಣುವ ದುರ್ಬೀನು

ಔರಾದಿನ ಶಾಲೆಯಲ್ಲಿ ನಮ್ಮ ವಿಜ್ಞಾನದ ಮಾಸ್ತರರು ಪತ್ರಿಕೆಯಿಂದ ಕತ್ತರಿಸಿದ ಬಾಹ್ಯಾಕಾಶ ದುರ್ಬೀನಿನ ಚಿತ್ರ ತೋರಿಸಿ, "ಇದು ಕಾವು ನೋಡ್ತದ್ರೆಪಾ. ಧೂಳಿನ ಹಿಂದಿನ ಚುಕ್ಕಿನೂ ಬಿಡಂಗಿಲ್ಲ, ಒಮ್ಮಿಗೇ ಆಕಾಶದ ದೊಡ್ಡ ತುಂಡು ಹಿಡೀತದ" ಎನ್ನುತ್ತಿದ್ದರು.

ಆ ವರ್ಷ ಬರ ಬಿದ್ದು ಊರವರು ಕೂಲಿ ಹುಡುಕಿ ಹೊರಟಾಗ, ಪರೀಕ್ಷೆಗೆ ಮೊದಲೇ, ನಮ್ಮ ತರಗತಿಯ ಜಾಣ ಹುಡುಗಿಯನ್ನು ಪುಣೆಗೆ ಕರೆದೊಯ್ಯಲು ಅವಳಪ್ಪ ಬಂದ.

"ಪರೀಕ್ಷಾ ಮುಗಿಯೋತನಕ ನಮ್ಮ ಮನ್ಯಾಗ ಇರ್ಲಿರಿ," ಎಂದರು ಮಾಸ್ತರರು.

"ನಾವಿಬ್ರೂ ಕೂಲಿಗಿ ಹೋದ್ರ ಸಣ್ಣ ಕೂಸಿಗಿ ಯಾರು ನೋಡ್ಕೋಬೇಕ್ರಿ ಸರ್?"

ಅವಳು ಎದ್ದು ಹೋದಳು. ಮಾಸ್ತರರು ಅವಳ ಬೆಂಚಿನ ಮೇಲೆ ಅಂಗೈ ಊರಿ ಬಹಳ ಹೊತ್ತು ನಿಂತರು. "ಇನ್ನೂ ಬೆಚ್ಚಗದ," ಎಂದರು. ಅಥವಾ ಹಾಗೆಂದರೆಂದು ನನ್ನ ನೆನಪು. ಬಿಸಿಲಿಗೆ ಕಾದ ತಗಡಿನ ಕೆಳಗೆ ಅಂದು ಎಲ್ಲ ಬೆಂಚುಗಳೂ ಬೆಚ್ಚಗಿದ್ದವು. ನಾವು ಯಾರೂ ಅದನ್ನು ಅವರಿಗೆ ಹೇಳಲಿಲ್ಲ.